ಗಣಿತಕ್ಕಾಗಿ ಕನ್ಯಾನ್ವೇಷಣೆ

ಅಂಜಿಕೆಯೂ ಮನುಷ್ಯನಿಗೆ ಒಂದು ಬಗೆಯ ಆಸ್ತಿಯೇ. ಹೊಲ ಮನೆ ಇಲ್ಲದವನ ಹತ್ತಿರವೂ ಒಂದೆರಡು ಅಂಜಿಕೆಗಳಾದರೂ ಇದ್ದೇ ಇರುತ್ತವೆ. ಕೆಲವರಿಗೆ ಹಲ್ಲಿಯ ಅಂಜಿಕೆ, ಕೆಲವರಿಗೆ ಹಲ್ಲಿನ ಡಾಕ್ಟರರ ಅಂಜಿಕೆ. ನನ್ನ ಪಾಲಿಗೆ ಬಂದದ್ದು ಗಣಿತ. ಮಸ್ಕಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನಾನು ಹಳಗನ್ನಡದ ಎಂಥ ಗಟ್ಟಿ ಪದ್ಯಕ್ಕೂ ಎದೆಗೊಟ್ಟು ನಿಲ್ಲಬಲ್ಲೆ. ಆದರೆ ಹಿಂದಿನ ಪಿರಿಯಡ್ಡಿನ ಗಣಿತದ ಮಾಸ್ತರರು ಹಲಗೆ ಒರೆಸದೆ ಹೋಗಿದ್ದರೆ ಬಾಗಿಲಲ್ಲೇ ನಿಂತು, “ಲೇ, ಯಾರರೆ ಅದನ್ನ ಒರಸ್ರಲೇ” ಎಂದು ಹುಡುಗರಿಗೆ ಹೇಳಿ, ಒರೆಸಿಯಾದ ಮೇಲೆಯೇ ಒಳಗೆ ಕಾಲಿಡುತ್ತೇನೆ. ಎಕ್ಸ್ ಎಂಬ ಆ ಅಕ್ಷರ ನನ್ನನ್ನೇ ದಿಟ್ಟಿಸುತ್ತಿದೆಯೆಂದು ಚಿಕ್ಕಂದಿನಿಂದಲೂ ನನಗೆ ಗುಮಾನಿ. ಅದನ್ನು ಎಲ್ಲರೂ ಹುಡುಕುತ್ತಾರೆ. ಒಂದು ಲೆಕ್ಕದಲ್ಲಿ ಸಿಕ್ಕಿಬಿದ್ದರೂ ಮುಂದಿನ ಲೆಕ್ಕದಲ್ಲಿ ಮತ್ತೆ ತಲೆಮರೆಸಿಕೊಂಡಿರುತ್ತದೆ. ಇಂಥ ನಡತೆಯವರ ಜೊತೆ ಮರ್ಯಾದಸ್ಥರು ವ್ಯವಹಾರ ಇಟ್ಟುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಹೀಗಿರುವಲ್ಲಿ ನನ್ನ ಒಬ್ಬಳೇ ಮಗಳು ಗೌರಿ, ಪಿಯುಸಿ ಪಾಸಾದ ಮರುದಿನ, “ಅಪ್ಪಾ, ನಾ ಬಿಎಸ್ಸಿ ಮಾಡ್ತೀನಿ. ಗಣಿತ ತಗೊಂಡು” ಎಂದಳು. ನಾನು ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದೆ. ನಮ್ಮ ಮನೆತನದಲ್ಲಿ ಈ ಬೇನೆ ಯಾರಿಗೂ ಇರಲಿಲ್ಲ. ಹಿಂದಿನ ತಲೆಮಾರುಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದೆ; ಎಲ್ಲರೂ ಕೈ ಮುಗಿದು, ತಮಗೇನೂ ಗೊತ್ತಿಲ್ಲ ಎಂದರು. ಹಾಗಾದರೆ ಇದು ಎಲ್ಲಿಂದ ಬಂತು? ನಾವು ಕುಡಿಯುವ ಕಾಲುವೆ ನೀರಿನಿಂದಲೇ ಬಂದಿರಬೇಕೆಂದು ತೀರ್ಮಾನಿಸಿ, ಇನ್ನು ಮೇಲೆ ಕಾಯಿಸಿ ಆರಿಸಿದ ನೀರನ್ನೇ ಕೊಡು ಎಂದು ಹೆಂಡತಿ ಮಹಾದೇವಿಗೆ ಅಪ್ಪಣೆ ಮಾಡಿದೆ. ಅವಳು ರೊಟ್ಟಿಯ ಹಿಟ್ಟು ನಾದುತ್ತಲೇ ಇದ್ದಳು.

ಕಾಲೇಜು ಹುಡುಕುತ್ತ ಅಪ್ಪ ಮಗಳು ಮೊದಲು ಸಿಂಧನೂರಿಗೆ ಹೋದೆವು. ಅಲ್ಲಿನ ಒಂದು ಖಾಸಗಿ ಕಾಲೇಜಿನ ನೆಲ ಎಷ್ಟು ನುಣುಪಾಗಿತ್ತೆಂದರೆ ನಾನು ಭಕ್ತಿಯಿಂದ ಚಪ್ಪಲಿ ಹೊರಗೆ ಬಿಟ್ಟೆ. ಫೀಸು ಎಷ್ಟೆಂದು ಅಲ್ಲಿ ಕೂತಿದ್ದ ಹುಡುಗಿ ಬಾಯಿಬಿಟ್ಟು ಹೇಳಲಿಲ್ಲ. ಚೀಟಿಯಲ್ಲಿ ಬರೆದು ಮೆಲ್ಲಗೆ ನನ್ನ ಕಡೆ ಸರಿಸಿದಳು. ದೊಡ್ಡಾಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರಲ್ಲ, ಹಾಗೆ. ಸೊನ್ನೆಗಳನ್ನು ಎಡದಿಂದ ಎಣಿಸಿದೆ, ಬಲದಿಂದ ಎಣಿಸಿದೆ; ಗಣಿತ ಬಾರದವನಿಗೂ ಉತ್ತರ ಒಂದೇ ಬಂತು. ಕುಡಿಯಲು ನೀರು ಕೇಳಿದೆ. “ನಡೀರಿ ಅಪ್ಪಾ” ಎಂದು ಗೌರಿ ತೋಳು ಹಿಡಿದಳು. ಹೊರಗೆ ಚಪ್ಪಲಿ ಬಿಟ್ಟಲ್ಲೇ ಇದ್ದದ್ದೊಂದು ಸಮಾಧಾನ.

ಉಳಿದದ್ದು ಸರ್ಕಾರಿ ಕಾಲೇಜು. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಪ್ರಿನ್ಸಿಪಾಲರು ಸಂಭಾವಿತರಾದ್ದರಿಂದ ಊರಿನ ಹೆಸರು ಬರೆಯುವುದಿಲ್ಲ. ಫೀಸು ನೀರು ಕುಡಿಯದೆ ಕೇಳಬಹುದಾದಷ್ಟು. ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ನಾನು ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ದಿಗಿಲು.

“ಮಾಸ್ತರ್ರ, ಒಂದು ತೊಂದ್ರಿ ಐತ್ರಿ. ಗಣಿತಕ್ಕ ಈ ಸಲ ನಿಮ್ಮ ಮಗಳು ಒಬ್ಬಾಕಿನ ಬಂದಾಳ. ಹತ್ತು ಮಂದಿ ಆಗಲಿಲ್ಲಂದ್ರ ಈ ವರ್ಷ ಗಣಿತ ನಡಸಾಕ ಆಗೂದಿಲ್ಲ.”

“ಉಳಿದವರು ಎಲ್ಲಿ ಹೋದರ್ರೀ?”

“ಎಲ್ಲಾರೂ ಗಣಿತಕ್ಕ ಅಂಜತಾರ್ರೀ.”

ನನ್ನ ಬಳಗ ಇಷ್ಟು ದೊಡ್ಡದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮುಂದಿನ ವಾರದ ಸೋಮವಾರ ಪ್ರವೇಶಕ್ಕೆ ಕಡೆಯ ದಿನ, ಅಷ್ಟರೊಳಗೆ ನೀವೇ ಒಂಚೂರು ಹುಡುಕಿ ನೋಡಿ ಎಂದು ಹೇಳಿ ಅವರು ಕನ್ನಡಕ ಹಾಕಿಕೊಂಡರು.

ಬಸ್ಸಿನಲ್ಲಿ ಗೌರಿ ಕಿಟಕಿಯ ಕಡೆ ಮುಖ ಮಾಡಿ, “ಆಗಲಿಲ್ಲಂದ್ರ ಬಿಎ ಮಾಡ್ತೀನಿ ಬಿಡ್ರಿ. ಅದರಾಗ ನಿಮ್ಮ ಕನ್ನಡಾನೂ ಇರತೈತಿ” ಎಂದಳು. ನಾನು ಜೀವಮಾನವಿಡೀ ಪ್ರೀತಿಸಿದ ವಿಷಯದ ಹೆಸರನ್ನು, ಖಾನಾವಳಿಯಲ್ಲಿ ಎಣ್ಣೆಗಾಯಿ ಮುಗಿದಿದೆ ಎಂದಾಗ ಬರೀ ಮಜ್ಜಿಗೆ ಅನ್ನಕ್ಕೆ ಒಪ್ಪಿಕೊಂಡವರ ದನಿಯಲ್ಲಿ ಹೇಳಿದಳು. ಆ ದನಿಗೆ ನಾನು ಎಕ್ಸಿಗಿಂತ ಹೆಚ್ಚು ಅಂಜಿದೆ. ಗಣಿತದ ಪಾರಾಯಣಕ್ಕೆ ಒಂಬತ್ತು ಮಂದಿಯನ್ನು ಕೂಡಿಸಿಯೇ ತೀರುತ್ತೇನೆಂದು ಆ ಸೀಟಿನ ಮೇಲೇ ಪ್ರತಿಜ್ಞೆ ಮಾಡಿದೆ. ಭಯಭೀತನ ಪ್ರತಿಜ್ಞೆಗೆ ಒಂದು ತೂಕವಿರುತ್ತದೆ. ಹಿಂದೆ ಸರಿಯಲು ಅವನಿಗೆ ಅದಕ್ಕಿಂತ ಹೆಚ್ಚಿನ ಭಯ.

ಗಂಡುಹುಡುಗರನ್ನು ಕೇಳಿದರೆ ಡಿಪ್ಲೊಮಾ ಎಂದು ತಪ್ಪಿಸಿಕೊಂಡರು. ಹೀಗಾಗಿ ಬಸ್‌ಸ್ಟ್ಯಾಂಡು, ಹೋಟೆಲು, ಗಿರಣಿ ಎನ್ನದೆ ಕಂಡಕಂಡವರನ್ನೆಲ್ಲ ತಡೆದು, “ನಿಮ್ಮ ಕಡೆ ಪಿಯುಸಿ ಸೈನ್ಸ್ ಪಾಸಾದ ಹುಡುಗಿ ಯಾರರೆ ಅದಾರೇನ್ರಿ?” ಎಂದು ವಿಚಾರಿಸತೊಡಗಿದೆ. ಸಿಂಧನೂರಿನ ಹತ್ತಿರದ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನಲ್ಲಿ ಇಬ್ಬರು ಗೆಳತಿಯರು ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಒಪ್ಪಿದರು, ಆಮೇಲೆ, “ಸರ್, ಲೆಕ್ಚರರ್ ದಿನಾ ಬರ್ತಾರಲ್ಲ?” ಎಂದು ಕೇಳಿದರು. ಪ್ರಿನ್ಸಿಪಾಲರನ್ನು ಕೇಳಬೇಕಾದ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. “ಬರತಾರ” ಎಂದು, ಬರಲಪ್ಪಾ ದೇವರೇ ಎಂದು ಮನಸ್ಸಿನಲ್ಲಿ ಸೇರಿಸಿದೆ.

ಸಂತೆಕಲ್ಲೂರಿನಲ್ಲಿ ಸಂಗಪ್ಪ ಎಂಬ ರೈತರ ಮನೆಗೆ ಹೋದಾಗ ಮಾತ್ರ ನನ್ನನ್ನು ವಿಶೇಷ ಗೌರವದಿಂದ ಬರಮಾಡಿಕೊಂಡರು. ಹೊಸ ಜಮಖಾನ ಹಾಸಿದರು. ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಭಜಿ ಬಂತು. ಕಡೆಗೆ ಸೀರೆ ಉಟ್ಟ ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ವಿದ್ಯೆಗೆ ಈ ಊರಲ್ಲಿ ಎಂಥ ಮರ್ಯಾದೆ ಎಂದು ನನ್ನ ಕಣ್ಣು ತುಂಬಿತು. ಅರ್ಧ ಮಿರ್ಚಿಯ ಖಾರದ ಪಾಲೂ ಅದರಲ್ಲಿತ್ತು.

“ಏನಮ್ಮಾ, ಗಣಿತದಾಗ ಎಷ್ಟು ಮಾರ್ಕ್ಸ್?” ಎಂದೆ.

ಹುಡುಗಿ ಥಟ್ಟನೆ ತಲೆಯೆತ್ತಿ ತೊಂಬತ್ತೊಂದು ಎಂದಳು. ಸಂಗಪ್ಪನವರು ಬೆರಗಾದರು. “ನಾಕು ಮಂದಿ ಬಂದು ನೋಡಿ ಹೋಗ್ಯಾರ್ರೀ. ಗಣಿತದ ಮಾರ್ಕ್ಸ್ ಕೇಳಿದ ಬೀಗರು ನೀವ ಮೊದಲು! ಹುಡುಗ ಏನ್ ಮಾಡಾಕತ್ತಾನ್ರಿ?”

“ಯಾವ ಹುಡುಗ್ರೀ?”

“ಮತ್ತ, ನಿಮ್ಮ ಮಗ?”

“ನನಗ ಮಗ ಇಲ್ರಿ.”

ಒಲೆಯ ಮೇಲಿನ ಎಣ್ಣೆ ಚುರುಗುಟ್ಟುವುದನ್ನು ನಿಲ್ಲಿಸಿದಂತಾಯಿತು. ಸಂಗಪ್ಪನವರ ತಾಯಿ ಮೂಲೆಯಿಂದ ಎದ್ದು ಬಂದು, ಮಿರ್ಚಿ ಭಜಿಯ ತಟ್ಟೆಯನ್ನು ನನ್ನ ಮುಂದಿನಿಂದ ನಿಧಾನವಾಗಿ ಹಿಂದಕ್ಕೆಳೆದುಕೊಂಡರು. “ಮಗ ಇಲ್ಲದ ಕನ್ಯಾ ನೋಡಾಕ ಬಂದಾನಲ್ಲೋ ಇಂವಾ” ಎಂದರು. ಗೋಡೆಗೆ ಆನಿಸಿಟ್ಟಿದ್ದ ಗುದ್ದಲಿ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಕಾಲೇಜು, ಹತ್ತು ಮಂದಿ, ಸೋಮವಾರ ಎಲ್ಲವನ್ನೂ ಹಿಂದುಮುಂದಾಗಿ ಒದರಿದೆ. ನನ್ನನ್ನು ಉಳಿಸಿದವಳು ಆ ಹುಡುಗಿಯೇ. “ಅಪ್ಪಾ, ನಾ ಹೋಗ್ತೀನಿ. ಅವರು ನನ್ನ ಕೇಳಾಕ ಬಂದಾರ, ನಾ ಒಪ್ಪೀನಿ” ಎಂದಳು. ಅಜ್ಜಿ ಭಜಿಯ ತಟ್ಟೆಯನ್ನು ಮತ್ತೆ ಮುಂದಕ್ಕೆ ಸರಿಸಿದರು.

ಬರುವಾಗ ಶೇರ್ ಆಟೋದಲ್ಲಿ ಮುದುರಿ ಕೂತು, ನಾನು ನಿಜವಾಗಿ ಕನ್ಯೆ ನೋಡಲು ಲಿಂಗಸುಗೂರಿಗೆ ಹೋಗಿದ್ದ ದಿನವನ್ನು ನೆನೆದೆ. ಅವತ್ತೂ ಹೀಗೇ ಜಮಖಾನ, ಹೀಗೇ ಚಹಾ. ಏನಾದರೂ ಕೇಳು ಎಂದು ಹಿರಿಯರು ತಿವಿದಾಗ, “ರೊಟ್ಟಿ ಬಡಿಯಾಕ ಬರತೈತೇನು?” ಎಂದಿದ್ದೆ. ಮಹಾದೇವಿ ತಲೆ ತಗ್ಗಿಸಿಕೊಂಡು, “ಬರತೈತ್ರಿ” ಎಂದಿದ್ದಳು. ಅಲ್ಲಿಗೆ ಸಂದರ್ಶನ ಮುಗಿದಿತ್ತು.

ಶನಿವಾರದ ಹೊತ್ತಿಗೆ ಗೌರಿಯೂ ಸೇರಿ ಹತ್ತು ಮಂದಿಯಾದರು. ಭಾನುವಾರ ಒಂಬತ್ತಾದರು. ಪಟ್ಟಿಯಲ್ಲಿದ್ದ ಗುರುಗುಂಟಾದ ಹುಡುಗಿಯನ್ನು ಕೇಳಲು ನನ್ನ ಬೆನ್ನಿಗೇ ಇನ್ನೊಬ್ಬರು ಬಂದಿದ್ದರಂತೆ. ಅವರಿಗೆ ಮಗ ಇದ್ದ. ಫೋನು ಇಟ್ಟು ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತೆ. ಪಡಸಾಲೆಯಲ್ಲಿ ಗೌರಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬಿಡಿಸಿದ್ದ ಲೆಕ್ಕಗಳನ್ನೆಲ್ಲ ಒಟ್ಟುಮಾಡಿ ಮಡಚುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಎಷ್ಟು ಮಂದಿ ಕಡಿಮಿ ಅದಾರ್ರೀ?” ಎಂದಳು ಮಹಾದೇವಿ, ರೊಟ್ಟಿಯಿಂದ ಕಣ್ಣೆತ್ತದೆ.

“ಒಬ್ಬಾಕಿ. ಮೂರು ತಾಲೂಕು ಜಾಲಾಡಿದೆ. ಪಿಯುಸಿ ಸೈನ್ಸ್ ಓದಿದ ಒಂದು ಹೆಣ್ಣು ಉಳಿದಿಲ್ಲ.”

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಕೈಯೊರೆಸಿಕೊಂಡಳು. “ನಾನೂ ಸೈನ್ಸ್ ಅದೀನಿ.”

“ನೀನಾ?”

“ಲಿಂಗಸುಗೂರಾಗ ಓದೀನಲ್ರಿ ಪಿಯುಸಿ. ಗಣಿತ ತಗೊಂಡು.”

ನಮ್ಮ ತಲೆಮಾರುಗಳ ಸಾಲನ್ನು ನಿಲ್ಲಿಸಿ ವಿಚಾರಿಸಿದ್ದೆನಲ್ಲ, ಅವರೆಲ್ಲ ನನ್ನ ಕಡೆ ತಿರುಗಿ ನಕ್ಕಂತಾಯಿತು. ಕಾಲುವೆ ನೀರು ನಿರಪರಾಧಿಯಾಗಿತ್ತು. “ಇಷ್ಟು ವರ್ಷ ಹೇಳಲೇ ಇಲ್ಲ!” ಎಂದೆ.

“ನೀವು ಕೇಳಿದ್ದು ರೊಟ್ಟಿ ಬರತೈತೇನು ಅಂತ. ಬರತೈತಿ ಅಂದೆ. ಸುಳ್ಳೇನು?” ಎಂದು ರೊಟ್ಟಿ ತಿರುವಿ ಹಾಕಿದಳು. ಅದು ಪೂರಿಯ ಹಾಗೆ ಉಬ್ಬಿತು. “ಈ ವಾರ ಊರೂರು ಅಡ್ಡಾಡಿ ಎಲ್ಲಾರ ಮಕ್ಕಳನ್ನೂ ಕೇಳಿದ್ರಿ. ಮನ್ಯಾಗಿನಾಕಿನ್ನ ಯಾವಾಗ ಕೇಳ್ತೀರೋ ನೋಡೂಣು ಅಂತ ಸುಮ್ಮನಿದ್ದೆ.”

“ಗಣಿತದಾಗ... ಎಷ್ಟು ಮಾರ್ಕ್ಸ್?”

“ಸಂತೆಕಲ್ಲೂರಿನಾಕಿಗಿಂತ ನಾಕು ಹೆಚ್ಚು.”

ಪಡಸಾಲೆಯಲ್ಲಿ ಹಾಳೆ ಮಡಚುವ ಸದ್ದು ನಿಂತಿತು. ಗೌರಿ ಓಡಿಬಂದು ಅವ್ವನ ಹಿಟ್ಟಿನ ಕೈಯನ್ನೇ ಹಿಡಿದು ಜಗ್ಗಿದಳು.

ಸೋಮವಾರ ಪ್ರಿನ್ಸಿಪಾಲರು ಮಹಾದೇವಿಯ ಅರ್ಜಿ ನೋಡಿ ಕನ್ನಡಕ ತೆಗೆದರು. ನನ್ನ ಜೀವ ಬಾಯಿಗೆ ಬಂತು. ಅವರು ಗಾಜು ಒರೆಸಿ, ಮತ್ತೆ ಹಾಕಿಕೊಂಡು, ಸಹಿ ಮಾಡಿದರು. ಲೆಕ್ಚರರೂ ದಿನಾ ಬರುತ್ತಿದ್ದಾರೆ. ಈಗ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವ ಮಗಳ ನಡುವೆ ಎಕ್ಸು ಧಾರಾಳವಾಗಿ ಓಡಾಡುತ್ತದೆ. ನಾನು ಚಟ್ನಿಪುಡಿಯ ಕಡೆ ನೋಡುತ್ತ ಬೇಗ ಬೇಗ ಉಣ್ಣುತ್ತೇನೆ.

ಗಣಿತಕ್ಕಿಂತ ದೊಡ್ಡ ಅಂಜಿಕೆ ಲೋಕದಲ್ಲಿಲ್ಲ ಎಂದು ನಂಬಿದ್ದ ನನ್ನ ಜ್ಞಾನ ಅರೆಬರೆಯದೆಂದು ಕಾಲೇಜು ಶುರುವಾದ ದಿನ ಬೆಳಿಗ್ಗೆ ಗೊತ್ತಾಗಿತ್ತು. ಹೆಗಲಿಗೆ ಚೀಲ ಹಾಕಿಕೊಂಡ ಮಹಾದೇವಿ ಜೋಳದ ಹಿಟ್ಟಿನ ಡಬ್ಬಿಯನ್ನು ತಂದು ನನ್ನ ಕಾಲಬಳಿ ಇಟ್ಟಳು. ಬಾಗಿಲಲ್ಲಿ ಗೌರಿ, “ಬಸ್ ಬಂತು ಬೇ ಯವ್ವಾ!” ಎಂದು ಕೂಗುತ್ತಿದ್ದಳು. ಮಹಾದೇವಿ ಸೆರಗು ಸರಿಮಾಡಿಕೊಂಡು, ಅವತ್ತಿನ ಲಿಂಗಸುಗೂರಿನ ಹಿರಿಯರೆಲ್ಲರ ಗಾಂಭೀರ್ಯವನ್ನು ಒಬ್ಬಳೇ ಮುಖದ ಮೇಲೆ ತಂದುಕೊಂಡು ಕೇಳಿದಳು:

“ರೊಟ್ಟಿ ಬಡಿಯಾಕ ಬರತೈತೇನ್ರಿ?”

ಅವಳಂತೆ “ಬರತೈತ್ರಿ” ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತ ನಿಂತೆ.