ಸರ್ವರಿಗೊಂದು ರೂಮು

ನನ್ನ ಸ್ಥಿತಿಗತಿ ಮೊದಲೇ ಹೇಳಿಬಿಡುತ್ತೇನೆ. ನಾನು ಕಾಡುಗೋಡಿಯ ಒಬ್ಬ ಮನೆಅಳಿಯ, ಹೆಸರು ಪ್ರಸನ್ನ. ಮನೆ ನಮ್ಮತ್ತೆ ಮುನಿಯಕ್ಕನವರದು. ಹಿಂದಿರುವ ಹದಿನಾಲ್ಕು ಬಾಡಿಗೆ ರೂಮುಗಳೂ ಅವರವೇ. ಗ್ಯಾಸ್ ಕನೆಕ್ಷನ್ ಹೆಂಡತಿ ಲಾವಣ್ಯಳ ಹೆಸರಲ್ಲಿದೆ. ನಾನು ಒದ್ದು ಒದ್ದು ಸ್ಟಾರ್ಟ್ ಮಾಡುವ ಸ್ಕೂಟರ್ ಮಾವನವರು ಬಿಟ್ಟುಹೋದದ್ದು. ಸಮಸ್ತ ಭೂಮಂಡಲದಲ್ಲಿ ನನ್ನದು ಅಂತ ಇದ್ದದ್ದು ಒಂದೇ ಒಂದು ಸರ್ವರ್. (ಹೋಟೆಲಿನಲ್ಲಿ ಇಡ್ಲಿ ತಂದುಕೊಡುವ ಸರ್ವರ್ ಅಲ್ಲ, ಕಂಪ್ಯೂಟರ್ ಕುಲದ್ದು.)

ಸುತ್ತಮುತ್ತ ಯಾವ ರೂಮು ಖಾಲಿ ಇದೆ ಎಂದು ತೋರಿಸುವ ನನ್ನ ವೆಬ್‌ಸೈಟು ಅದರಲ್ಲಿತ್ತು. ಆ ಸರ್ವರ್ ಮಾತ್ರ ವೈಟ್‌ಫೀಲ್ಡಿನ ಒಂದು ಡೇಟಾ ಸೆಂಟರಿನಲ್ಲಿತ್ತು. ಪೆಟ್ಟಿಗೆ ನನ್ನದು. ಜಾಗ, ಕರೆಂಟು, ಎಸಿ ಅವರದು. ತಿಂಗಳಿಗಿಷ್ಟು ಅಂತ ಕೊಡಬೇಕು. ಈ ಏರ್ಪಾಡಿಗೆ ಕೋಲೊಕೇಶನ್ ಎಂಬ ಘನವಾದ ಹೆಸರು.

ಆ ಡಿಸೆಂಬರಿನಲ್ಲಿ ಅವರು ರೇಟು ಏರಿಸಿದರು. ಲಾವಣ್ಯ ಕಾಯುತ್ತಿದ್ದದ್ದೇ ಅದಕ್ಕೆ.

"ರೀ, ನಮ್ಮ ಆಫೀಸಲ್ಲಿ ಎಲ್ಲಾನೂ ಕ್ಲೌಡ್‌ಗೆ ಹಾಕ್ಬಿಟ್ರು. ಸರ್ವರೂ ಆ ಕ್ಲೌಡ್ ಕಂಪನಿಯವರದ್ದೇ. ಬೇಕಾದಷ್ಟು ದಿನ ಬಾಡಿಗೆ ಕೊಡೋದು, ಬೇಡ ಅಂದ್ರೆ ಬಿಡೋದು."

"ಬಾಡಿಗೇನಾ? ನನ್ನ ಹತ್ರ ಇರೋ ಒಂದು ಸ್ವಂತದ್ದನ್ನೂ ಕಿತ್ಕೋಬೇಕಾ ನಿಂಗೆ?"

ಆ ಭಾನುವಾರವೇ ಕೂತು, ಸ್ವಂತದ್ದೇ ಅಗ್ಗ ಎಂದು ಸಾಧಿಸುವ ಒಂದು ಶ್ವೇತಪತ್ರ ಹೊರಡಿಸಿದೆ. ಲಾವಣ್ಯ ಪೆನ್ಸಿಲ್ ಹಿಡಿದು ಕೆಳಗೆ ನಾನು ಮರೆತ ಬಾಬತ್ತುಗಳನ್ನು ಸೇರಿಸುತ್ತಾ ಹೋದಳು. ಎರಡು ಸಲ ಸುಟ್ಟ ಡಿಸ್ಕು, ಕೆಟ್ಟಾಗಲೆಲ್ಲ ಓಡಿದ ಆಟೋ ಚಾರ್ಜು, ಡೇಟಾ ಸೆಂಟರಿನ ಚಳಿಗೆ ಕೊಂಡ ಉಣ್ಣೆ ಸ್ವೆಟರು, ಆಮೇಲೂ ಬಿಡದ ನೆಗಡಿಯ ಮಾತ್ರೆ. ಶ್ವೇತಪತ್ರ ಕಪ್ಪಾಯಿತು. ಕ್ಲೌಡು ಅರ್ಧಕ್ಕರ್ಧ ಅಗ್ಗವಾಗಿತ್ತು.

ಕೊನೆಯ ಅಸ್ತ್ರವಾಗಿ ಅತ್ತೆಯ ಬಳಿ ಅಪೀಲು ಹೋದೆ. ಹದಿನಾಲ್ಕು ರೂಮಿನ ಒಡತಿ, ಸ್ವಂತದ್ದರ ಬೆಲೆ ಗೊತ್ತಿಲ್ಲವೇ! ಅವರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ವಿಚಾರಣೆ ಶುರು ಮಾಡಿದರು.

"ಪೆಟ್ಗೆ ಯಾರ್ದು ಅಳಿಯಂದ್ರೇ?"

"ನಂದು ಅತ್ತೆ."

"ಇರೋ ಮನೆ?"

"ಅದು... ಅವರದು."

"ಕರೆಂಟು?"

"ಅವರದೇ."

"ತಣ್ಣಗೆ ಗಾಳಿ ಆಕೋದು?"

"ಅದೂ ಅವರೇ."

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. "ಅಂಗಂದ್ರೆ ಅದು ಮನೆಅಳಿಯ ಅನ್ನಿ!"

ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮೂರನೇ ನಂಬರ್ ರೂಮಿನ ರುಕ್ಮವ್ವ, "ಖರೇ ಅಂದ್ರಿ ನೋಡ್ರೀ ಅಮ್ಮಾರ" ಎಂದು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಪಕ್ಕದಲ್ಲಿದ್ದ ಲಾವಣ್ಯ ಅದನ್ನೂ ಇಟ್ಟುಕೊಳ್ಳದೆ ನಕ್ಕಳು.

ನನ್ನ ಪೌರುಷ ಕೆರಳಿತು. "ನನ್ನ ಸರ್ವರ್ ಇನ್ನು ಯಾರ ಮನೇಲೂ ಬಿದ್ದಿರಲ್ಲ! ಸ್ವಂತ ಮನೆಗೇ ತಂದಿಡ್ತೀನಿ!"

"ಯಾರ ಸ್ವಂತ ಮನೆಗೆ?" ಎಂದಳು ಲಾವಣ್ಯ.

ನಾನು ಅವರೆಕಾಯಿ ನೋಡತೊಡಗಿದೆ. ಅತ್ತೆಗೇ ಕರುಣೆ ಬಂತು. "ಒಂಬತ್ನೇ ರೂಮು ಖಾಲಿ ಐತೆ, ತಂದು ಮಡಗ್ರಿ. ಎಲ್ಲಾರ್ಗೂ ಇರೋ ಅಂಗೆ ಅತ್ತು ತಿಂಗ್ಳು ಅಡ್ವಾನ್ಸು."

"ಅತ್ತೇ, ನಾನು ನಿಮ್ಮ ಅಳಿಯ!"

"ಅಳಿಯಂದ್ರಿಗೆ ಕೇಳ್ಲಿಲ್ಲ ಸಾಮಿ. ಪೆಟ್ಗೆಗೆ ಕೇಳ್ದೆ."

ಅಡ್ವಾನ್ಸು ಕೊಟ್ಟೆ. ಒಂಬತ್ತನೇ ರೂಮಿಗೆ ಊದಿನಕಡ್ಡಿ ಹಚ್ಚಿ ಸರ್ವರಿನ ಗೃಹಪ್ರವೇಶ ಮಾಡಿದೆ. ಮೂರೇ ದಿನ. ಕರೆಂಟು ಹೋದಾಗಲೆಲ್ಲ ವೆಬ್‌ಸೈಟೂ ಹೋಯಿತು. ರೂಮು ಹುಡುಕುವವರು ನನ್ನನ್ನು ಹುಡುಕಿಕೊಂಡು ಫೋನ್ ಮಾಡಿ ಬೈದರು. ನಾಲ್ಕನೇ ದಿನ ಬಾಗಿಲು ಹಾಕಿಕೊಂಡು, ಲಾವಣ್ಯಳ ಕಾರ್ಡು ಕದ್ದು, ಎಲ್ಲವನ್ನೂ ಕ್ಲೌಡಿಗೆ ಸಾಗಿಸಿಬಿಟ್ಟೆ. ಸೋತೆ ಎಂದು ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ. ಆದ್ದರಿಂದ ಖಾಲಿ ಸರ್ವರನ್ನು ಹಾಗೇ ಓಡಲು ಬಿಟ್ಟೆ. ಹಸಿರು ದೀಪ ಮಿನುಗುತ್ತಿತ್ತು, ಫ್ಯಾನು ಬುಸುಗುಡುತ್ತಿತ್ತು. ದಿನಾ ಬೆಳಿಗ್ಗೆ ಹೋಗಿ ಒಂದು ಗಳಿಗೆ ಗಂಭೀರವಾಗಿ ನಿಂತು ಬರುತ್ತಿದ್ದೆ.

ಒಂದು ವಾರದ ಮೇಲೆ ಬಾಗಿಲು ತೆಗೆದವನು ಹಾಗೇ ನಿಂತೆ. ಸರ್ವರಿನ ನೆತ್ತಿಯ ಮೇಲೆ ಒಂದು ಪಾತ್ರೆ. ಅದಕ್ಕೆ ನನ್ನ ಉಣ್ಣೆ ಸ್ವೆಟರು ಸುತ್ತಿತ್ತು. ಒಳಗೆ ಇಡ್ಲಿ ಹಿಟ್ಟು ಮುಚ್ಚಳ ಎತ್ತಿಕೊಂಡು ಉಬ್ಬಿತ್ತು.

"ಈ ಚಳೀಗೆ ಇಟ್ಟು ಉಳೀನೇ ಬತ್ತಿರ್ಲಿಲ್ಲ ಅಳಿಯಂದ್ರೇ!" ಅತ್ತೆ ಹಿಂದೆಯೇ ಬಂದರು. ಮೊದಲ ಬಾರಿಗೆ ಅವರ ದನಿಯಲ್ಲಿ ನನ್ನ ಬಗ್ಗೆ ಅಭಿಮಾನವಿತ್ತು. "ಏನು ಬಿಸಿ ಅಂತೀರಾ! ಯಾವ್ ಕಾರಣಕ್ಕೂ ಆರಿಸ್ಬ್ಯಾಡ್ರಿ."

"ಆರಿಸಿದ್ರೂ ಏನೂ ನಿಲ್ಲಲ್ಲಮ್ಮ," ಎಂದಳು ಲಾವಣ್ಯ, ಮೊಬೈಲು ತೋರಿಸುತ್ತಾ. "ವೆಬ್‌ಸೈಟು ಬಾಡಿಗೆ ಮನೆಗೆ ಹೋಗಿ ಒಂದು ವಾರ ಆಯ್ತು. ದುಡ್ಡು ಕಟ್ ಆಗಿದ್ದು ನನಗೆ ಆವತ್ತೇ ಮೆಸೇಜ್ ಬಂತು."

ನಾನು ತಲೆ ತಗ್ಗಿಸಿ, "ಹಾಗಾದ್ರೆ ಅತ್ತೆ, ಆ ಅಡ್ವಾನ್ಸು..." ಎಂದೆ.

"ಪೆಟ್ಗೆ ಇನ್ನೂ ರೂಮ್ ಖಾಲಿ ಮಾಡಿಲ್ವಲ್ಲ?" ಅತ್ತೆ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯತ್ತ ಹೊರಟರು. ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದರು:

"ಓಗ್ಲಿ ಬಿಡವ್ವ, ಬೈಬ್ಯಾಡ. ಇಬ್ರು ಮನೆಅಳಿಯಂದ್ರಲ್ಲಿ ಒಬ್ರಾದ್ರೂ ಕೆಲಸಕ್ಕೆ ಬಂದ್ರಲ್ಲ!"