ಧೂಮಕೇತುವಿನ ಎರಡನೇ ಇಂಜಿನ್

ಫೋರ್‌ಮನ್ನರಿಗೆ ಅನುಮಾನ ಹುಟ್ಟಿದ್ದು ಹೆಂಡತಿ ನಕ್ಕಿದ್ದರಿಂದ. ಜೋರಾಗಿ ನಕ್ಕಿದ್ದರೆ ಪರವಾಗಿರಲಿಲ್ಲ. ಬರೆಯುತ್ತಿದ್ದ ಪೆನ್ನನ್ನು ಅರ್ಧಕ್ಕೆ ನಿಲ್ಲಿಸಿ, ತುಟಿ ಒಳಗೆಳೆದುಕೊಂಡು, ಕಿಟಕಿಯ ಕಡೆ ತಿರುಗಿ ನಕ್ಕಳು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಬೈಗುಳ ಚೆನ್ನಾಗಿ ಅರ್ಥವಾಗುತ್ತದೆ, ಮೌನವೂ ಸುಮಾರಾಗಿ ಅರ್ಥವಾಗುತ್ತದೆ. ಕಿಟಕಿಯ ಕಡೆ ತಿರುಗಿದ ನಗು ಮಾತ್ರ ಯಾವ ಗಂಡನಿಗೂ ಅರ್ಥವಾದ ದಾಖಲೆಯಿಲ್ಲ.

ನಮ್ಮ ಫೋರ್‌ಮನ್ನರು ಅಂಥಿಂಥವರಲ್ಲ. ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷದ ಸರ್ವಿಸ್. ಬಸ್ಸು ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ ಅದರ ರೋಗ ಹೇಳುವವರು. ಬಾನೆಟ್ಟಿನ ಹತ್ತಿರ ನಿಂತು, ಕಣ್ಣು ಮುಚ್ಚಿ (ಕಣ್ಣು ಮುಚ್ಚದೆ ಕಿವಿ ಪೂರ್ತಿ ತೆರೆಯುವುದಿಲ್ಲ ಎನ್ನುವುದು ಅವರ ಸಿದ್ಧಾಂತ) ಎರಡು ನಿಮಿಷ ಕೇಳಿದರೆಂದರೆ ಮುಗಿಯಿತು. ಚೀಟಿ ಬರೆಸುತ್ತಾರೆ, ಕೆಳಗೆ ರುಜು ಜಡಿಯುತ್ತಾರೆ. ಆ ರುಜುವನ್ನು ಪ್ರಶ್ನಿಸುವ ಎದೆ ಡಿಪೋದಲ್ಲಿ ಯಾರಿಗೂ ಇಲ್ಲ.

ಇಂಥ ಮಹಾಕರ್ಣನ ಮೇಲೆ ಮನೆಯಲ್ಲಿ ಒಂದು ಹಳೆಯ ಆರೋಪವಿದೆ. ಗೊರಕೆ. ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಆಕೆ ಒಂದು ಬೆರಳೆತ್ತಿದರೆ ಸೀನು ಬಂದವನೂ ನುಂಗಿಕೊಳ್ಳುತ್ತಾನೆ. ಮನೆಯಲ್ಲಿ ಮಾತ್ರ ಹತ್ತೂ ಬೆರಳೆತ್ತಿದರೂ ಪ್ರಯೋಜನವಿಲ್ಲ.

"ರೀ, ನನಗೆ ನಿದ್ದೆ ಇಲ್ಲದೆ ಕಣ್ಣು ಗುಳಿಬಿದ್ದಿದೆ. ಮೂಗಿನ ಡಾಕ್ಟರ ಹತ್ರ ಒಂದ್ಸಲ ಬನ್ನಿ. ಅಲ್ಲೀವರೆಗೆ ಮುಂದಿನ ರೂಮಲ್ಲಿ ಮಲಗಿ."

"ನನ್ನ ಕಿವಿಗೆ ಬೀಳದೇ ಇರೋ ಸದ್ದು ಯಾವುದಿದೆ ಹೇಳೇ? ಮೂರು ಬೀದಿ ಆಚೆ ಬಸ್ಸಿನ ಬೆಲ್ಟು ಸಡಿಲ ಆದ್ರೆ ನನಗೆ ಗೊತ್ತಾಗುತ್ತೆ. ನಾನು ಗೊರಕೆ ಹೊಡೆದಿದ್ರೆ ಮೊದಲು ನನಗೇ ಕೇಳಿಸ್ಬೇಕಿತ್ತು, ಅಲ್ವಾ?"

ಈ ವಾದಕ್ಕೆ ಉತ್ತರವೆಲ್ಲಿದೆ? ಹದಿನಾಲ್ಕು ವರ್ಷದಿಂದ ಮೊಕದ್ದಮೆ ಹೀಗೇ ನಿಂತಿತ್ತು. ಮುಂದಿನ ರೂಮಿನ ಮಂಚ ಖಾಲಿಯಾಗಿತ್ತು, ಆಕೆಯ ಕಣ್ಣಿನ ಕೆಳಗಿನ ಕಪ್ಪು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಆದರೂ ಗಂಡ ಹೆಂಡತಿ ಒಂದಾಗುವ ಜಾಗವೊಂದಿತ್ತು. ಅದು 'ನೀಲಿ ಧೂಮಕೇತು' ಎನ್ನುವ ಆಕಾಶನೌಕೆ. ಆ ಹೆಸರಿನ ಆರು ಸಿನಿಮಾ ಬಂದಿವೆ, ಆರನ್ನೂ ಇಬ್ಬರೂ ಒಟ್ಟಿಗೆ ನೋಡಿದ್ದಾರೆ. ಅಭಿಮಾನಿ ಸಂಘವೂ ಇದೆ. ಸಲೂನಿಗೆ ರಜೆಯಿರುವ ದಿನ ಸಲೂನಿನಲ್ಲೇ ಸಭೆ. ಫೋರ್‌ಮನ್ನರು ಅಧ್ಯಕ್ಷರು. ಕ್ಷೌರದ ಕುರ್ಚಿಯನ್ನು ಪೆಡಲು ತುಳಿದು ಎಷ್ಟು ಎತ್ತರಕ್ಕೆ ಏರುತ್ತದೋ ಅಷ್ಟಕ್ಕೆ ಏರಿಸಿ ಅದರ ಮೇಲೆ ಕೂರುತ್ತಾರೆ. ಅವರ ಕಾಲು ನೆಲಕ್ಕೆ ತಾಗದಿದ್ದರೆ ಸಭೆ ಶುರುವಾಯಿತು ಎಂದರ್ಥ. ಹೆಂಡತಿ ಕಾರ್ಯದರ್ಶಿ, ನಡಾವಳಿ ಬರೆಯುವವಳು. ಆಕೆಯ ತಮ್ಮ, ಔಷಧಿ ಅಂಗಡಿಯವನು, ಖಾಯಂ ವಿರೋಧ ಪಕ್ಷ. ಸಲೂನಿನವನು ಕುರ್ಚಿಯ ಮಾಲೀಕನಾದ್ದರಿಂದ ಉಪಾಧ್ಯಕ್ಷ.

ಈಗ ಗಲಾಟೆಯೆದ್ದದ್ದು ಏಳನೆಯ ಸಿನಿಮಾದಿಂದ. ಏಳನೆಯದೆಂದರೆ ನಿಜವಾದ ಏಳನೆಯದಲ್ಲ, ಪಕ್ಕದ ಕೊಂಬೆ. ಆರೂ ಸಿನಿಮಾದಲ್ಲಿ ನೌಕೆಯ ಉಗ್ರಾಣದ ಬಾಗಿಲಲ್ಲಿ ನಿಂತು "ಚೀಟಿ ಎಲ್ಲಿ?" ಎಂದು ಕೇಳುವ ಒಬ್ಬ ಬಡಪಾಯಿಯಿದ್ದ. ಅವನೊಬ್ಬನ ಮೇಲೆಯೇ 'ಉಗ್ರಾಣದವನು' ಅಂತ ಎರಡೂವರೆ ಗಂಟೆಯ ಸಿನಿಮಾ ತೆಗೆದಿದ್ದಾರೆ. ನೌಕೆ ಕೆಟ್ಟು ನಿಂತಿದೆ, ಎಲ್ಲರೂ ಬಿಟ್ಟು ಹೋಗಿದ್ದಾರೆ, ಇವನೊಬ್ಬನೇ ಸಾಮಾನು ಕಾಯುತ್ತ ಉಳಿದಿದ್ದಾನೆ.

"ಅದ್ಭುತ!" ಎಂದ ಭಾಮೈದ ಆವತ್ತಿನ ಸಭೆಯಲ್ಲಿ. "ಆರು ಸಿನಿಮಾ ಸೇರಿದ್ರೂ ಇದರ ಕಾಲ್ಧೂಳಿಗೆ ಸಮ ಅಲ್ಲ. ಮೊದಲ ಹತ್ತು ನಿಮಿಷಕ್ಕೇ ಇಂಜಿನ್ ನಿಂತುಹೋಗುತ್ತೆ. ಆಮೇಲೆ ಕೊನೇವರೆಗೂ ಪಿಟ್ ಅನ್ನಲ್ಲ. ಆ ನಿಶ್ಶಬ್ದ ಇದೆಯಲ್ಲ ಭಾವ, ಅದೇ ಈ ಸಿನಿಮಾದ ಜೀವ!"

ಫೋರ್‌ಮನ್ನರು ಎತ್ತರದಿಂದ ನೋಡಿದರು. "ಯಾವ ನಿಶ್ಶಬ್ದ?"

"ಅಂದ್ರೆ?"

"ಇಂಜಿನ್ ಅರ್ಧ ಗಂಟೆಗೆ ಸ್ಟಾರ್ಟ್ ಆಗಿದ್ದು ಇಂಟರ್ವಲ್‌ವರೆಗೂ ಓಡ್ತು. ಇಂಟರ್ವಲ್ ಆದ್ಮೇಲೂ ಓಡ್ತು. ಕಥೆ ಹಾಳುಬಿದ್ದು ಹೋಗ್ಲಿ, ಆ ಸಿನಿಮಾದಲ್ಲಿ ಕೇಳೋ ಹಾಗಿದ್ದದ್ದೇ ಆ ಇಂಜಿನ್. ನಾನು ಕಣ್ಣು ಮುಚ್ಚಿ ಕೇಳ್ತಾ ಇದ್ದೆ. ಒಳಗೆಳ್ಕೊಳ್ಳೋವಾಗ ಒಂದು ಘರ್ಜನೆ, ಮೇಲೆ ಹೋಗಿ ಒಂದು ಕ್ಷಣ ಗಕ್ಕಂತ ನಿಲ್ಲುತ್ತೆ, ಆಮೇಲೆ ಬಿಡೋವಾಗ ಸಣ್ಣಗೆ ಸಿಳ್ಳೆ. ಆಹಾ! ಆರೂ ಸಿನಿಮಾದಲ್ಲಿ ಇಂಥ ಇಂಜಿನ್ ಕೇಳಿರ್ಲಿಲ್ಲ."

ಹೆಂಡತಿ ಕಿಟಕಿಯ ಕಡೆ ತಿರುಗಿ ನಕ್ಕದ್ದು ಆಗಲೇ.

"ಭಾವ, ಇಂಜಿನ್ ಓಡೋದಾದ್ರೆ ಅವನು ಯಾಕೆ ಅಲ್ಲೇ ಕೂತಿರ್ತಾನೆ? ಮನೆಗೆ ಹೋಗಲ್ವಾ? ನೀವು ಸಿನಿಮಾ ನೋಡಿದ್ರಾ ಇಲ್ವಾ?"

"ನನ್ನನ್ನೇ ಪರೀಕ್ಷೆ ಮಾಡ್ತೀಯೇನೋ?"

ಮಾತು ಕೈಮೀರುವ ಹೊತ್ತಿಗೆ ಸಲೂನಿನವನು ಕೈಯೆತ್ತಿದ. "ಅಧ್ಯಕ್ಷರು ಹೇಳೋದು ಸತ್ಯ. ನಾನೂ ಕೇಳಿದ್ದೀನಿ."

ಎಲ್ಲರೂ ಅವನ ಕಡೆ ತಿರುಗಿದರು.

"ಶನಿವಾರ ಮಧ್ಯಾಹ್ನದ ಆಟ. ನಾನು ಮುಂದಿನ ಸಾಲಲ್ಲಿದ್ದೆ. ಸದ್ದು ಹಿಂದಿನಿಂದ ಬರ್ತಿತ್ತು. ಏನು ಸೌಂಡ್ ಸಿಸ್ಟಮ್ ಅಂತೀರಿ! ನನಗೆ ಆವಾಗ್ಲೇ ಹೊಳೀತು. ಇದು ನೌಕೆಯ ಗುಪ್ತ ಇಂಜಿನ್. ಎರಡನೇ ಇಂಜಿನ್. ಉಗ್ರಾಣದವನಿಗೂ ಗೊತ್ತಿಲ್ಲ. ಇದರ ರಹಸ್ಯ ಮುಂದಿನ ಸಿನಿಮಾದಲ್ಲಿ ಬಿಚ್ತಾರೆ, ನೋಡ್ತಾ ಇರಿ."

ಫೋರ್‌ಮನ್ನರಿಗೆ ಆನೆಬಲ ಬಂತು. ಅವರೂ ಹೆಂಡತಿಯೂ ನೋಡಿದ್ದು ಅದೇ ಶನಿವಾರದ ಆಟ. ಭಾಮೈದ ನೋಡಿದ್ದು ಭಾನುವಾರ. ಅಂದರೆ ಶನಿವಾರ ಇದ್ದ ಇಂಜಿನ್ ಭಾನುವಾರದ ಹೊತ್ತಿಗೆ ಮಾಯ! ಯಾರೋ ಕತ್ತರಿಸಿದ್ದಾರೆ. ಯಾಕೆ? ಯಾರು ಹೇಳಿ ಕತ್ತರಿಸಿದರು? ಅವರ ತಲೆಯೊಳಗೆ ಅನುಮಾನದ ಚಕ್ರ ಗಿರ್ರನೆ ತಿರುಗಿತು.

"ಆ ಇಂಜಿನ್ ಸದ್ದು ಸಿನಿಮಾದಲ್ಲಿ ಇರ್ಲೇ ಇಲ್ಲ ಅಂತ ಯಾವನಾದ್ರೂ ತೋರಿಸಿಕೊಟ್ರೆ ಈ ಕುರ್ಚಿ ಇಳೀತೀನಿ!"

"ಕುರ್ಚಿ ಮಾತ್ರಾನಾ?" ಹೆಂಡತಿ ತಲೆಯೆತ್ತದೆ ಕೇಳಿದಳು.

"ಏನು ಹೇಳಿದ್ರೆ ಅದನ್ನ ಒಪ್ಕೋತೀನಿ!"

"ಏನು ಹೇಳಿದ್ರೆ ಅದನ್ನ... ಹಾಗೇ ಬರ್ಕೊಳ್ಳಾ?"

"ಬರ್ಕೋ! ದಪ್ಪಕ್ಷರದಲ್ಲಿ ಬರ್ಕೋ!"

ಆಕೆ ಬರೆದುಕೊಂಡಳು. ಕೆಳಗೆ ಗೆರೆಯನ್ನೂ ಎಳೆದಳು.

ಮನೆಗೆ ಬಂದ ಮೇಲೆ ಫೋರ್‌ಮನ್ನರು ವಿಚಾರಣೆ ಆರಂಭಿಸಿದರು. "ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ನಿನಗೆ ಇಂಜಿನ್ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?"

"ಹದಿನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಲ್ಲ."

ಇದೇನು ಉತ್ತರ? ಸಿನಿಮಾ ಬಂದು ಹದಿನಾಲ್ಕು ದಿನವೂ ಆಗಿಲ್ಲ. "ಸಿನಿಮಾ ನಡೆಯೋವಾಗ ನೀನು ನಾಲ್ಕು ಸಲ ನನ್ನ ತಿವಿದೆ. ಅದ್ಯಾಕೆ?"

"ನೀವೇನು ಅಂದ್ರಿ ಆವಾಗ?"

"'ಕೇಳ್ತಾ ಇದ್ದೀನಿ, ಸುಮ್ನಿರು' ಅಂದೆ."

"ಸುಮ್ನಾದೆ."

ಮಾರನೇ ದಿನ ಆಕೆ ಫೋನಿನಲ್ಲಿ ತಮ್ಮನ ಜೊತೆ ಗುಸುಗುಸು ಮಾತಾಡಿದಳು. ಇವರು ಅಡುಗೆಮನೆಗೆ ಕಾಲಿಟ್ಟ ಕೂಡಲೇ "ಸರಿ, ಶನಿವಾರ ಸಿಗೋಣ" ಎಂದು ಇಟ್ಟುಬಿಟ್ಟಳು. ಮುಂದಿನ ರೂಮಿನ ಮಂಚಕ್ಕೆ ಹೊಸ ಹಾಸಿಗೆಬಟ್ಟೆ ಹಾಕಿದಳು. ಯಾರು ಬರ್ತಾರೆ ಎಂದರೆ "ಬರೋರು ಬರ್ತಾರೆ" ಎಂದಳು. ಅಕ್ಕ ತಮ್ಮ ಸೇರಿ ಏನೋ ಮಸಲತ್ತು ನಡೆಸಿದ್ದಾರೆ, ಗೆದ್ದ ಮೇಲೆ ಭಾಮೈದ ಗಂಟುಮೂಟೆ ಸಮೇತ ಬಂದು ಆ ಮಂಚದ ಮೇಲೆ ಬಿಡಾರ ಹೂಡುತ್ತಾನೆ ಎಂದು ಫೋರ್‌ಮನ್ನರು ತೀರ್ಮಾನಿಸಿದರು.

ಶುಕ್ರವಾರ ಸಂಜೆ ಇಡೀ ಸಂಘ ಥಿಯೇಟರಿಗೆ ನುಗ್ಗಿತು. ಆಪರೇಟರನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಮುಖದಲ್ಲಿ ಕಳೆಯಿರಲಿಲ್ಲ.

"ಶನಿವಾರದ ಸದ್ದಾ? ಅದನ್ನ ನೆನಪಿಸಬೇಡಿ ಸಾರ್. ಆವತ್ತು ಆರು ಜನ ಬಂದು ದೂರು ಕೊಟ್ರು. ಗೋಡೆಯ ಮೂರು ಸ್ಪೀಕರ್ ಬಿಚ್ಚಿ ನೋಡಿದ್ದೀನಿ, ಏನೂ ಸಿಕ್ಕಿಲ್ಲ. ಇನ್ನೂ ಎರಡು ಬಾಕಿ ಇದೆ."

"ನೋಡಿದ್ಯೇನೋ?" ಫೋರ್‌ಮನ್ನರು ಭಾಮೈದನ ಕಡೆ ಬೆರಳು ತೋರಿಸಿದರು. "ಇತ್ತು ಅಂತಾಯ್ತಲ್ಲ!"

"ಸದ್ದು ಇತ್ತು ಸಾರ್, ಸಿನಿಮಾದಲ್ಲಿ ಇರ್ಲಿಲ್ಲ," ಎಂದ ಆಪರೇಟರ್.

"ಸಿನಿಮಾದಲ್ಲಿ ಇಲ್ಲದ ಸದ್ದು ಥಿಯೇಟರಲ್ಲಿ ಎಲ್ಲಿಂದ ಬರುತ್ತಯ್ಯಾ?" ಎಂದು ಫೋರ್‌ಮನ್ನರು ಗದರಿದರು. ಇವನೂ ಅಕ್ಕ ತಮ್ಮನ ಕಡೆಯವನೇ ಎಂಬುದರಲ್ಲಿ ಅವರಿಗೆ ಈಗ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ.

ಹೆಂಡತಿಯೇ ದಾರಿ ತೋರಿಸಿದಳು. "ಒಂದು ಕೆಲಸ ಮಾಡೋಣ. ನಾಳೆ ಶನಿವಾರ. ಅದೇ ಆಟ, ಅದೇ ಸೀಟು. ಸದ್ದು ಬಂದ್ರೆ ಎಲ್ಲಿಂದ ಬರುತ್ತೆ ಅಂತ ಆಪರೇಟರ್ ಹುಡುಕಿ, ಅದನ್ನ ಫೋನಲ್ಲಿ ಹಿಡ್ಕೊಳ್ಳಲಿ."

ಶನಿವಾರ ಬೆಳಗ್ಗೆಯಿಂದಲೇ ಫೋರ್‌ಮನ್ನರು ಹದ್ದಿನ ಕಣ್ಣಿಟ್ಟಿದ್ದರು. ಹೆಂಡತಿಯ ಕೈಚೀಲ ತೆರೆದು ನೋಡಿದರು. ಊಟಕ್ಕೆ ಬಂದ ಭಾಮೈದ ಎರಡು ಸಲ ಗಡಿಯಾರ ನೋಡಿದ್ದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಮಧ್ಯಾಹ್ನದ ಊಟಕ್ಕೆ ಹೆಂಡತಿ ಎಂದೂ ಇಲ್ಲದ ಅಕ್ಕರೆಯಿಂದ ಎರಡನೇ ಸಲ ಬಡಿಸಿದಳು, ಮೂರನೇ ಸಲವೂ ಬಡಿಸಿದಳು. ಅನುಮಾನ ಪಡಲೇಬೇಕಾಗಿದ್ದ ಆ ಒಂದು ಜಾಗದಲ್ಲಿ ಮಾತ್ರ ಅವರು ಅನುಮಾನ ಪಡಲಿಲ್ಲ. ತಟ್ಟೆ ಖಾಲಿ ಮಾಡಿ ಎದ್ದರು.

ಥಿಯೇಟರಿನಲ್ಲಿ ಸಂಘದವರನ್ನು ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ. ಎಚ್ ಸಾಲಿನ ಹದಿನಾಲ್ಕರಲ್ಲಿ ಫೋರ್‌ಮನ್ನರು, ಹದಿನೈದರಲ್ಲಿ ಹೆಂಡತಿ, ಅವಳಾಚೆ ಭಾಮೈದ. ಸಲೂನಿನವನು ಮುಂದಿನ ಸಾಲಿಗೆ ಹೋಗಿ ಕೂತ. ಎಸಿ ತಣ್ಣಗಿತ್ತು, ಸೀಟು ಮೆತ್ತಗಿತ್ತು. ಪರದೆಯ ಮೇಲೆ ನೌಕೆಯ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಉಗ್ರಾಣದವನು ಸಾಮಾನು ಎಣಿಸತೊಡಗಿದ. ಫೋರ್‌ಮನ್ನರು ಸದ್ದಿಗಾಗಿ ಕಾದರು. ಅರ್ಧ ಗಂಟೆ ಸಮೀಪಿಸಿತು. ಇನ್ನೇನು ಬರಬೇಕು. ಅವರು ಸೀಟಿಗೆ ಒರಗಿ, ಕೈ ಕಟ್ಟಿ, ಎಂದಿನ ಪದ್ಧತಿಯಂತೆ ಕಣ್ಣು ಮುಚ್ಚಿದರು.

ಬಂತು! ಅದೇ ಘರ್ಜನೆ! ಫೋರ್‌ಮನ್ನರು ಈಗ ನೌಕೆಯ ಇಂಜಿನ್ ಕೋಣೆಯಲ್ಲೇ ನಿಂತಿದ್ದರು. ಎದುರಿಗೆ ಮನೆಯಷ್ಟು ದೊಡ್ಡ ಇಂಜಿನ್ ಓಡುತ್ತಿತ್ತು. ಉಗ್ರಾಣದವನು ಬಂದು "ಚೀಟಿ ಎಲ್ಲಿ?" ಎಂದು ಕೇಳಿದ. "ಬರೆಸ್ತೀನಿ ಇರಯ್ಯ, ಮೊದಲು ಕೇಳಿಸ್ಕೊಳ್ಳೋಕೆ ಬಿಡು" ಎಂದರು ಫೋರ್‌ಮನ್ನರು. ಯಾರೋ ಪಕ್ಕೆ ತಿವಿದ ಹಾಗಾಯಿತು.

ಇಂಟರ್ವಲ್ಲಿನ ದೀಪ ಹತ್ತಿತು. ಫೋರ್‌ಮನ್ನರು ಎದ್ದು ಕೂತು ಕೂಗಿದರು: "ಕೇಳಿದ್ರಾ? ಕೇಳಿದ್ರಾ ಎಲ್ಲರೂ?"

"ಕೇಳಿದ್ವಿ," ಎಂದರು ಎಲ್ಲರೂ ಒಟ್ಟಿಗೆ. ಅವರ ಸೀಟಿನ ಸುತ್ತಲೇ ನಿಂತಿದ್ದರು. ಆಪರೇಟರ್ ಫೋನ್ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ.

"ಹಿಡ್ಕೊಂಡ್ಯಾ? ಹಾಕು!"

ಆಪರೇಟರ್ ಹಾಕಿದ. ಘರ್ಜನೆ, ನಿಲುಗಡೆ, ಸಿಳ್ಳೆ. ಫೋರ್‌ಮನ್ನರು ಫೋನಿಗೆ ಕಿವಿಕೊಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅವರ ಅಭಿಮಾನಿಯ ಮುಖ ಹೋಗಿ ಡಿಪೋದ ಮುಖ ಬಂತು.

"ಥಿಯೇಟರಲ್ಲಿ ದೂರದಿಂದ ಚೆನ್ನಾಗಿತ್ತು. ಹತ್ತಿರದಿಂದ ಕೇಳಿದ್ರೆ ಕೇಸ್ ಕೆಟ್ಟಿದೆ. ಗಾಳಿ ಹೋಗೋ ಕೊಳವೆ ಕಟ್ಕೊಂಡಿದೆ. ವಾಲ್ವ್ ಸಡಿಲ. ಈ ನಿಲ್ಲುತ್ತಲ್ಲ, ಅದು ಅಪಾಯ."

"ಏನು ಮಾಡ್ಬೇಕು ಅಂತೀರಿ?" ಹೆಂಡತಿ ನಡಾವಳಿ ಪುಸ್ತಕ ತೆರೆದಿದ್ದಳು.

"ಬರ್ಕೋ. ಮಿಕ್ಕ ಗಾಡಿಗಳ ಜೊತೆ ನಿಲ್ಲಿಸಬಾರದು, ಬೇರೆ ಶೆಡ್ಡಿಗೆ ಹಾಕ್ಬೇಕು. ಇವತ್ತಿಂದಾನೇ. ಸ್ಪೆಷಲಿಸ್ಟ್ ಹತ್ರ ಬಿಚ್ಚಿಸಿ ತೋರಿಸ್ಬೇಕು. ಇಷ್ಟು ದಿನ ಯಾವ ಅಯೋಗ್ಯ ಇದನ್ನ ಹಾಗೇ ಓಡಿಸ್ತಿದ್ದ?"

"ರುಜು ಹಾಕಿ."

ಹಾಕಿದರು. ಎಂದಿನಂತೆ ಬಾಲ ಎಳೆದು, ಎರಡು ಚುಕ್ಕೆಯಿಟ್ಟು ಹಾಕಿದರು. ಆಮೇಲೆ ಆಪರೇಟರನ ಕಡೆ ತಿರುಗಿದರು. "ಎಲ್ಲಿಂದ ಬರ್ತಿತ್ತು?"

"ಎಚ್ ಸಾಲು, ಹದಿನಾಲ್ಕನೇ ಸೀಟು ಸಾರ್."

ಫೋರ್‌ಮನ್ನರು ಸರಕ್ಕನೆ ಬಗ್ಗಿ ಸೀಟಿನ ಕೆಳಗೆ ಕೈಹಾಕಿ ತಡಕಾಡಿದರು. "ಇಲ್ಲೂ ಸ್ಪೀಕರ್ ಇಟ್ಟಿದ್ದೀರೇನಯ್ಯಾ?"

"ಸೀಟಿನ ಕೆಳಗಲ್ಲ ಸಾರ್. ಮೇಲೆ."

ಬಗ್ಗಿದ್ದವರು ಹಾಗೇ ಇದ್ದರು. ತಲೆಯೆತ್ತಲು ಸುಮಾರು ಹೊತ್ತು ಹಿಡಿಯಿತು. ಎತ್ತಿದಾಗ ಕಿವಿ ಕೆಂಪಗಾಗಿತ್ತು.

"ಮೊದಲೇ ಹೇಳ್ಬಾರದಿತ್ತೇನೇ?" ಎಂದರು ಮೆಲ್ಲಗೆ.

"ಹೇಳಿದ್ರೆ ನಂಬ್ತಿದ್ರಾ? ನಿಮ್ಮ ಕಿವೀನೇ ನಿಮಗೆ ಹೇಳ್ಬೇಕಿತ್ತು ರೀ." ಆಕೆ ಈಗ ನಗುತ್ತಿರಲಿಲ್ಲ. "ಹದಿನಾಲ್ಕು ವರ್ಷ. ನನಗೆ ಸಾಕಾಗಿಹೋಗಿದೆ. ಶೆಡ್ಡಿಗೆ ಹಾಸಿಗೆಬಟ್ಟೆ ಹಾಕಿ ಆಗಿದೆ. ನನ್ನ ತಮ್ಮ ಡಾಕ್ಟರ ಹತ್ರ ಸೋಮವಾರಕ್ಕೆ ಸಮಯ ತಗೊಂಡಿದ್ದಾನೆ."

ಭಾಮೈದ ಕುರ್ಚಿ ಸಿಕ್ಕ ಖುಷಿಯನ್ನು ಪಾಪ ಎಷ್ಟು ಬೇಕೋ ಅಷ್ಟು ಅದುಮಿಕೊಂಡಿದ್ದ. ಅಲ್ಲಿ ನಿಜವಾಗಿ ಎದೆಯೊಡೆದು ನಿಂತಿದ್ದವನು ಸಲೂನಿನವನು.

"ಹಾಗಾದ್ರೆ ಎರಡನೇ ಇಂಜಿನ್ ಇಲ್ವೇ ಇಲ್ವಾ?" ಎಂದ. "ಛೆ! ಆ ಸಿನಿಮಾದಲ್ಲಿ ಚೆನ್ನಾಗಿದ್ದದ್ದೇ ಅದೊಂದಲ್ವೇನ್ರೀ!"

ಇಂಟರ್ವಲ್ ಮುಗಿಯಿತು. ದೀಪ ಆರಿತು. ಫೋರ್‌ಮನ್ನರು ಮೊದಲ ಸಲ ಕಣ್ಣು ಬಿಟ್ಟುಕೊಂಡು ಸಿನಿಮಾ ನೋಡಿದರು. ಉಗ್ರಾಣದವನು ಖಾಲಿ ನೌಕೆಯ ಬಾಗಿಲಲ್ಲಿ ನಿಂತು, ಯಾರೂ ಇಲ್ಲದ ಕಡೆ ನೋಡಿ "ಚೀಟಿ ಎಲ್ಲಿ?" ಎಂದ. ಸುತ್ತ ಪಿಟ್ ಅನ್ನದ ನಿಶ್ಶಬ್ದ. ಫೋರ್‌ಮನ್ನರು ಮುಂದಕ್ಕೆ ಬಾಗಿ ಕೂತರು. ಭಾಮೈದ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಸಿನಿಮಾ ಚೆನ್ನಾಗಿತ್ತು, ಇದನ್ನು ಅವನಿಗೆ ಹೇಳಬೇಕಾಗಿ ಬಂದದ್ದೊಂದೇ ಬೇಸರ.

ಆಗ ಹೆಗಲ ಮೇಲೆ ಏನೋ ಭಾರ ಬಿತ್ತು. ಹೆಂಡತಿ ಅವರಿಗೊರಗಿ ನಿದ್ದೆ ಹೋಗಿದ್ದಳು. ಆ ನಿಶ್ಶಬ್ದದಲ್ಲಿ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಮಗುವಿನ ಹಾಗೆ. ಫೋರ್‌ಮನ್ನರು ಅಲುಗಾಡದೆ ಹೆಗಲು ಕೊಟ್ಟು ಕೂತರು. ಮರುಕ್ಷಣವೇ ಹಳೆಯ ಅನುಮಾನವೊಂದು ತಲೆಯೆತ್ತಿತು. ಇವಳೂ ಗೊರಕೆ ಹೊಡೆಯುತ್ತಾಳೇನೋ? ಹೊಡೆದರೆ ಮೊಕದ್ದಮೆ ಸಮ ಸಮ ಆಗುತ್ತದೆ! ಆಕೆಯ ಮೂಗಿನ ಹತ್ತಿರಕ್ಕೆ ಕಿವಿ ತಂದರು. ಏನೂ ಕೇಳಿಸಲಿಲ್ಲ. ಇನ್ನೂ ಚೆನ್ನಾಗಿ ಕೇಳೋಣವೆಂದು ಸೀಟಿಗೆ ಒರಗಿ, ನಿಧಾನವಾಗಿ, ಕಣ್ಣು ಮುಚ್ಚಿದರು.

ಐದು ನಿಮಿಷ ಆಗಿರಬೇಕು. ಮುಂದಿನ ಸಾಲಿನಲ್ಲಿ ಸಲೂನಿನವನು ಕುಣಿದಾಡುವಷ್ಟು ಖುಷಿಯಿಂದ ಎದ್ದು ನಿಂತ.

"ಬಂತು! ಸ್ಟಾರ್ಟ್ ಆಯ್ತು!"