ಬ್ಯಾಟರಾಯಸ್ವಾಮಿ ಪ್ರಸಾದವೂ ಕರೆಂಟು ಹರಿಯುವ ಪ್ಲಾಸ್ಟಿಕ್ಕೂ

ನಾನು ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವನಲ್ಲ. ಸ್ನಾನ ಮಾಡಿ, ದೇವರಿಗೆ ಹೂವಿಟ್ಟು, ಹಣೆಗೆ ನಾಮ ಎಳೆದುಕೊಂಡೇ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಿದ್ದೆ. ಆದರೂ ಎಡವಟ್ಟುಗಳು ನಾನು ಇಳಿಯುವ ಸ್ಟೇಷನ್ನಿನಲ್ಲೇ ಕಾದು ನಿಂತಿರುತ್ತಿದ್ದವು.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಟೆಂಪರರಿ ಅಟೆಂಡರ್. ಅಲ್ಲಿನ ಮೇಡಂ ಡಾಕ್ಟರೇಟಿಗಾಗಿ ಹೊಸ ಬಗೆಯ ಬ್ಯಾಟರಿ ಮಾಡುತ್ತಿದ್ದರು. ಅವರು ಒಂದು ಒಳ್ಳೆಯ ಮಾತು ಬರೆದುಕೊಟ್ಟರೆ ನನ್ನ ಕೆಲಸ ಖಾಯಂ. ಇಲ್ಲವಾದರೆ ಊರಿಗೆ ಹೋಗಿ ಹಸು ಕಾಯುವುದು. ನನ್ನ ಕೈಗುಣ ಬಲ್ಲ ಹಸುಗಳಿಗೂ ಅದು ಬೇಕಿರಲಿಲ್ಲ.

ಆ ನೋಡು

ಮೊದಲನೇ ದಿನ ಮೇಡಂ ಬೀಕರಿನ ಮೇಲೆ ಬಗ್ಗಿದ್ದರು. ತಲೆ ಎತ್ತದೆ, ಕೈ ಚಾಚಿ, "ಆನೋಡ್" ಅಂದರು. ಅವರ ಕೈ ಕಿಟಕಿಯ ಕಡೆಗಿತ್ತು. ನಾನು ಆ ಕಡೆ ನೋಡಿದೆ. ಸ್ವಲ್ಪ ಜೋರಾಗಿ ಮತ್ತೆ "ಆನೋಡ್" ಅಂದರು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಸಾವಧಾನವಾಗಿ ನೋಡಿ ಬಂದು ವರದಿ ಒಪ್ಪಿಸಿದೆ.

"ನೋಡ್ದೆ ಮೇಡಂ. ಉರಿಗಾಂ ಬಸ್ಸು. ಸೀಟು ಖಾಲಿ ಐತೆ."

ಅವರಿಗೆ ಬೇಕಿದ್ದದ್ದು ನನ್ನ ಕೈಯಲ್ಲೇ ಇದ್ದ ತಗಡು. ಬ್ಯಾಟರಿಯ ಒಂದು ತುದಿಗೆ ಆ ಹೆಸರಂತೆ. ಇನ್ನೊಂದು ತುದಿ ಕ್ಯಾಥೋಡು. ತೆಲುಗಿನಲ್ಲಿ ತೋಡು ಎಂದರೆ ಜೊತೆಗಾರ ತಾನೆ, ಅದನ್ನು ಮಾತ್ರ ನಾನು ಎಂದೂ ಮರೆಯಲಿಲ್ಲ. ಅದನ್ನು ಅವರು ಒಂದು ಸಲವೂ ಕೇಳಲಿಲ್ಲ.

ಅಜ್ಜಿಯ ಭಕ್ತಿ

ಆಮೇಲೆ ಮ್ಯಾಂಗನೀಸಿನ ಕಪ್ಪು ಪುಡಿ ಅರೆಯುವ ಕೆಲಸ ಬಂತು. ಟಾರ್ಚಿನ ಸೆಲ್ಲು ಒಡೆದರೆ ಒಳಗೆ ಇರುತ್ತದಲ್ಲ, ಅದೇ. ಸಂಜೆಯವರೆಗೆ ಅರೆದು, ಬೆವರು ಒರೆಸಿಕೊಂಡು, ಕನ್ನಡಿ ನೋಡದೆ ರೈಲು ಹತ್ತಿದೆ. ಎದುರಿಗೆ ಕೂತಿದ್ದ ಅಜ್ಜಿ ನನ್ನ ಹಣೆಯನ್ನೇ ನೋಡಿ ಕೈ ಮುಗಿದಳು.

"ಯಾವ್ ದ್ಯಾವ್ರದು ಸಾಮಿ, ಅಣೆ ಮ್ಯಾಲಿನ ಕಪ್ಪು?"

ದೇವರ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ. "ದೇವ್ರದಲ್ಲ ಅಜ್ಜಿ, ಬ್ಯಾಟ್ರೀದು" ಅಂದೆ.

ರೈಲಿನ ಸದ್ದಿಗೆ ಅರ್ಧವೇ ಕೇಳಿಸಿತು ಅಂತ ಕಾಣುತ್ತದೆ. "ಬ್ಯಾಟರಾಯಸಾಮೀದಾ" ಅಂತ ನಮ್ಮ ಸೀಮೆಯ ದೇವರ ಹೆಸರು ಹೇಳುತ್ತ ಬೆರಳು ಚಾಚಿ, ನನ್ನ ಹಣೆಯದನ್ನು ಒರೆಸಿ ತನ್ನ ಹಣೆಗೆ ಇಟ್ಟುಕೊಂಡಳು. ಪಕ್ಕದವರೂ ಬೆರಳು ಚಾಚಿದರು. ಬಂಗಾರಪೇಟೆ ಬರುವ ಹೊತ್ತಿಗೆ ನನ್ನ ಮುಖ ಪೂರ್ತಿ ಶುಭ್ರವಾಗಿತ್ತು. ನಾಮವೂ ಹೋಗಿತ್ತು.

ಸೋಡ

ಇನ್ನು ದೊಡ್ಡದು. ಮೇಡಂ ಮೂರು ವಾರ ಒದ್ದಾಡಿ ಸ್ಟೀಲ್ ತಗಡಿನ ಮೇಲೆ ಹಸಿರು ಪೊರೆಯೊಂದನ್ನು ಬೆಳೆಸಿದ್ದರು. ಅದು ಪ್ಲಾಸ್ಟಿಕ್ಕಿನ ಜಾತಿಯದೇ, ಆದರೆ ಕರೆಂಟು ಹರಿಯುತ್ತದೆ. ಅದನ್ನು ನೋಡಲು ಬೆಂಗಳೂರಿನಿಂದ ಅವರ ಗೈಡ್ ಬರುವವರಿದ್ದರು. ದೊಡ್ಡವರು ಬರುವಾಗ ಪಾತ್ರೆಪಡಗ ಹೊಳೆಯಬೇಕಲ್ಲವೆ? ತಗಡನ್ನು ವಾಷಿಂಗ್ ಸೋಡದ ನೀರಿನಲ್ಲಿ ಅದ್ದಿದೆ. ಹಸಿರು ನೀಲಿಯಾಯಿತು. ಕರೆಂಟು ಅಳೆಯುವ ಮೀಟರಿನ ಮುಳ್ಳು ಮಲಗಿಬಿಟ್ಟಿತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಸಿಡ್ ಇದ್ದರೇನೇ ಅದಕ್ಕೆ ಜೀವ, ಸೋಡ ಅದರ ಹುಳಿಯನ್ನೆಲ್ಲ ತೆಗೆದುಬಿಟ್ಟಿದೆ ಅಂತ ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕುಸಿದರು. ಆಸಿಡ್ ಬೀರುವಿನ ಬೀಗದ ಕೈ ಇದ್ದವರು ರಜೆಯಲ್ಲಿದ್ದರು.

"ಹುಳಿ ತಾನೆ ಮೇಡಂ?" ಅಂದೆ.

ಕ್ಯಾಂಟೀನಿನಿಂದ ಹುಣಸೇಹಣ್ಣು ತಂದು ಗಟ್ಟಿಯಾಗಿ ಕಿವುಚಿ, ಟವೆಲ್ಲಿನಲ್ಲಿ ಸೋಸಿ, ಮನೆದೇವರನ್ನು ನೆನೆದು ತಗಡು ಅದ್ದಿದೆ. ನೀಲಿ ನಿಧಾನವಾಗಿ ಹಸಿರಿಗೆ ತಿರುಗಿತು. ಮುಳ್ಳು ಎದ್ದಿತು. ಅಷ್ಟರಲ್ಲಿ ಬಂದ ಗೈಡ್ ಬೀಕರನ್ನು ಮೂಸಿ, ಇದು ಯಾವ ಆಸಿಡ್ ಅಂದರು. ಮೇಡಂ ನನ್ನನ್ನು ನೋಡಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೈಡ್ ನಗು ತಡೆದುಕೊಂಡು, ಟಾರ್ಟಾರಿಕ್ ಆಸಿಡ್ ಅಂತ ಬರ್ಕೊಳ್ಳಮ್ಮ ಅಂದರು. ಹುಣಸೇಹಣ್ಣಿನ ಹುಳಿಗೆ ಇಂಗ್ಲಿಷಿನಲ್ಲಿ ಆ ಹೆಸರಂತೆ.

ಮೇಡಂ ನನಗೆ ಪತ್ರ ಬರೆದುಕೊಟ್ಟರು. ಪ್ರಿನ್ಸಿಪಾಲರು ಅದನ್ನು ಗಟ್ಟಿಯಾಗಿ ಓದಿದರು: ನಂಬಿಕಸ್ಥರು, ದೈವಭಕ್ತರು, ಖಾಯಂ ಮಾಡಬಹುದು, ಸೋಡ ಮಾತ್ರ ಇವರ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಕನ್ನಡಕ ತೆಗೆದು ನನ್ನ ನಾಮವನ್ನು ಬಹಳ ಹೊತ್ತು ನೋಡಿದರು. "ಕಾಲೇಜಿನಲ್ಲೇ ಶುರು ಮಾಡ್ಕೊಂಡಿದೀರೇನ್ರಿ? ಸೋಡದ ಜೊತೆಗೆ ಇನ್ನೇನು?"

"ಹುಣಸೇಹಣ್ಣು ಸಾರ್."

ಅವರು ಪೆನ್ನು ತೆಗೆದು ಸಹಿ ಹಾಕಿದರು. "ಹುಣಸೇಹಣ್ಣು ನೆಂಚ್ಕೊಂಡು ಕುಡಿಯೋ ಬಡಪಾಯೀನ ನಾನು ಎಲ್ಲಿಗೆ ಅಂತ ಕಳಿಸ್ಲಿ" ಅಂದರು.